ಪಿಮ್ಲಿಕೊದ ಚರ್ಚಿಲ್ ಗಾರ್ಡನ್ಸ್‌ನಲ್ಲಿ ನೋಡುವಂಥದ್ದು ಏನಿದೆ?

ಲಂಡನ್ನಿನ ಪಿಮ್ಲಿಕೊ ಪ್ರದೇಶದಲ್ಲಿ, ಥೇಮ್ಸ್ ನದಿಯ ದಂಡೆಯಲ್ಲಿರುವ ಚರ್ಚಿಲ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯ ದೂರದಿಂದ ಸಾಲಾಗಿ ಇಟ್ಟ ಪೆಟ್ಟಿಗೆಗಳಂತೆ ಕಾಣುತ್ತದೆ, ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅದನ್ನು ಹುಡುಕಿಕೊಂಡು ಹೋಗುವುದೇಕೆ ಎಂದು ಕೇಳಿದ್ದೀರಿ. ಅಲ್ಲಿನ ಒಂದು ಮನೆಯಲ್ಲಿ ಎರಡು ವರ್ಷ ಬಾಡಿಗೆಗೆ ಇದ್ದವನಾಗಿ ಉತ್ತರಿಸುತ್ತಿದ್ದೇನೆ.

ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗೆ ಸಿಕ್ಕಿ ಜಖಂಗೊಂಡಿದ್ದ ಈ ಜಾಗದಲ್ಲಿ ಜನಸಾಮಾನ್ಯರಿಗೆ ಬಾಡಿಗೆ ಮನೆಗಳನ್ನು ಕಟ್ಟಿಸಲು ಅಲ್ಲಿನ ಸ್ಥಳೀಯ ಆಡಳಿತವಾದ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಏರ್ಪಡಿಸಿದ ವಿನ್ಯಾಸ ಸ್ಪರ್ಧೆಯನ್ನು 1946ರಲ್ಲಿ ವಾಸ್ತುಶಿಲ್ಪಿಗಳಾದ ಫಿಲಿಪ್ ಪವೆಲ್ ಮತ್ತು ಹಿಡಾಲ್ಗೊ ಮೋಯ ಗೆದ್ದರು. ಇಬ್ಬರಿಗೂ ಆಗ ಇಪ್ಪತ್ತೈದರ ಆಸುಪಾಸಿನ ವಯಸ್ಸು. 1962ರ ಹೊತ್ತಿಗೆ ಸುಮಾರು 1,600 ಮನೆಗಳು ಸಿದ್ಧವಾದವು.

ಮೊದಲು ಗಮನಿಸಬೇಕಾದದ್ದು ಕಟ್ಟಡಗಳು ನಿಂತಿರುವ ದಿಕ್ಕನ್ನು. ಎತ್ತರದ ಕಟ್ಟಡಗಳನ್ನು ನದಿಯ ಉದ್ದಕ್ಕೆ ಕಟ್ಟಿದ್ದರೆ ಮುಂದಿನ ಸಾಲಿನವರಿಗೆ ಮಾತ್ರ ನೀರು ಕಾಣುತ್ತಿತ್ತು, ಹಿಂದಿನವರ ಪಾಲಿಗೆ ನೆರಳಷ್ಟೇ ಉಳಿಯುತ್ತಿತ್ತು. ಅವರಿಬ್ಬರೂ ಅವುಗಳನ್ನು ನದಿಗೆ ಲಂಬವಾಗಿ ನಿಲ್ಲಿಸಿದರು. ನನ್ನ ಮನೆ ನದಿಯಿಂದ ಸಾಕಷ್ಟು ಹಿಂದಿತ್ತು. ಆದರೂ ಬೆಳಗಿನ ಬಿಸಿಲು ಮಲಗುವ ಕೋಣೆಗೆ, ಸಂಜೆಯದು ಹಜಾರಕ್ಕೆ ಬರುತ್ತಿತ್ತು, ಬಾಲ್ಕನಿಯ ಕಂಬಿ ಹಿಡಿದು ಸ್ವಲ್ಪ ಬಾಗಿದರೆ ಥೇಮ್ಸ್ ಕಾಣುತ್ತಿತ್ತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಬಿಸಿನೀರಿನ ವ್ಯವಸ್ಥೆ. ಎದುರು ದಡದ ಬ್ಯಾಟರ್ಸೀ ವಿದ್ಯುತ್ ಸ್ಥಾವರದಲ್ಲಿ ವ್ಯರ್ಥವಾಗುತ್ತಿದ್ದ ಶಾಖದಿಂದ ನೀರು ಕಾಯಿಸಿ, ಅದನ್ನು ನದಿಯ ಅಡಿಯಿಂದ ಕೊಳವೆಗಳಲ್ಲಿ ಈಚೆಗೆ ತಂದು ಮನೆಮನೆಗೆ ಹಂಚುತ್ತಿದ್ದರು. ಸ್ಥಾವರದಲ್ಲಿ ಶಾಖ ಹೆಚ್ಚಾಗಿ ಸಿಗುವ ಹೊತ್ತೂ ಮನೆಗಳಿಗೆ ಅದು ಬೇಕಾಗುವ ಹೊತ್ತೂ ಒಂದೇ ಆಗಿರುವುದಿಲ್ಲವಾದ್ದರಿಂದ, ಬಿಸಿನೀರನ್ನು ಕೂಡಿಡಲು ಸುಮಾರು 41 ಮೀಟರ್ ಎತ್ತರದ, ಗಾಜಿನ ಹೊದಿಕೆಯ ಗೋಪುರವೊಂದನ್ನು ಕಟ್ಟಿದರು. ಸ್ಥಾವರ 1983ರಲ್ಲಿ ನಿಂತುಹೋಯಿತು. ಈಗ ಈಚೆ ದಡದಲ್ಲೇ ನೀರು ಕಾಯುತ್ತದೆ, ಗೋಪುರ ಮಾತ್ರ ಇನ್ನೂ ದುಡಿಯುತ್ತಿದೆ. ಊರಿನಲ್ಲಿ ಹಂಡೆ ಒಲೆಗೆ ಸೌದೆ ಒಟ್ಟಿ ಬೆಳೆದ ನನಗೆ, ಜನವರಿಯ ಚಳಿಯಲ್ಲಿ ನಲ್ಲಿ ತಿರುಗಿಸಿದಾಗ ಹಬೆಯಾಡುವ ನೀರು ಬಂದಾಗಲೆಲ್ಲ ಆ ಗೋಪುರದ ನೆನಪಾಗುತ್ತಿತ್ತು. ಬಾಡಿಗೆದಾರರ ಸುಖಕ್ಕಾಗಿ ಇಷ್ಟು ಯೋಚಿಸಿದವರ ಮೇಲೆ ನನಗೆ ಅಪಾರ ಗೌರವವಿದೆ.

1998ರಲ್ಲಿ ಇಲ್ಲಿನ ಕೆಲವು ಕಟ್ಟಡಗಳನ್ನು ಸಂರಕ್ಷಿತ ಪಟ್ಟಿಗೆ ಸೇರಿಸಲಾಯಿತು. ಷೆಲ್ಲಿ, ಕೀಟ್ಸ್, ಕೋಲ್ರಿಜ್ ಮುಂತಾದ ಕವಿಗಳ ಹೆಸರು ಹೊತ್ತ ಕಟ್ಟಡಗಳೂ ಅವುಗಳಲ್ಲಿ ಸೇರಿವೆ. ನೀವು ಹೋಗುವುದಾದರೆ ಪಿಮ್ಲಿಕೊ ನಿಲ್ದಾಣದಲ್ಲಿ ಇಳಿದು, ಲೂಪಸ್ ಸ್ಟ್ರೀಟ್ ಹಿಡಿದು ನಡೆಯಿರಿ. ಸಂಜೆ ದೀಪ ಹೊತ್ತುವ ವೇಳೆಗೆ ತಲುಪಿದರೆ, ಗಾಜಿನ ಮೆಟ್ಟಿಲುಗೂಡುಗಳಲ್ಲಿ ಜನ ಚೀಲ ಹಿಡಿದು ಮನೆಗೆ ಹತ್ತುವುದು ಕೆಳಗಿನ ಹುಲ್ಲುಹಾಸಿನಿಂದಲೇ ಕಾಣುತ್ತದೆ.