ಸಿಂಹರಾಜ ಕಾಡಿನ ತರಗೆಲೆಯಲ್ಲಿ ಕಂಡ ಪುಟ್ಟ ಹಳದಿ ಇರುವೆ ಅನ್ಯೂರೀಟಸ್ ಆಗಿರಬಹುದೇ?

ಶ್ರೀಲಂಕಾದ ಸಿಂಹರಾಜ ಮಳೆಕಾಡಿನಲ್ಲಿ, ಕಾಲುದಾರಿಯ ಪಕ್ಕದ ತರಗೆಲೆಯ ಅಡಿಯಲ್ಲಿ, ಎರಡೂವರೆ ಮಿಲಿಮೀಟರ್ ಉದ್ದದ ಜೇನುಬಣ್ಣದ ಇರುವೆಯೊಂದನ್ನು ಕಂಡು ಮೊಬೈಲಿನಲ್ಲಿ ಮೇಲಿನಿಂದ ಚಿತ್ರ ತೆಗೆದಿದ್ದೀರಿ. ಸೊಂಟದಲ್ಲಿ ಒಂದೇ ಗಂಟು, ಎದೆಯ ಹಿಂತುದಿಯಲ್ಲಿ ಎರಡು ಮುಳ್ಳು ಇರುವಂತೆ ತೋರಿದ್ದರಿಂದ ಇದು ಆ ದ್ವೀಪದ ಅಪರೂಪದ ಅನ್ಯೂರೀಟಸ್ ಸೈಮನಿ ಇರಬಹುದೇ, ಆಗಿದ್ದರೆ ಆಗುಂಬೆಯ ಕಡೆಯೂ ಹುಡುಕಬಹುದೇ ಎಂದು ಕೇಳಿದ್ದೀರಿ. ಆಗಿರಲಿಕ್ಕೆ ಸಾಧ್ಯವಿದೆ, ಆದರೆ ಈ ಚಿತ್ರಗಳನ್ನು ನಂಬಿ ಹಾಗೆನ್ನಲು ಬರುವುದಿಲ್ಲ. ಪಕ್ಕದಿಂದ ತೆಗೆದ ಒಂದು ಸ್ಪಷ್ಟ ಚಿತ್ರ ಸಿಗುವವರೆಗೆ ನಾನು ಇದನ್ನು ಕ್ರೆಮಟೋಗ್ಯಾಸ್ಟರ್ ಕುಲದ ಇರುವೆ ಎಂದೇ ಶಂಕಿಸುತ್ತೇನೆ.

ಅನ್ಯೂರೀಟಸ್ ಸುತ್ತ ಇಷ್ಟು ಕುತೂಹಲ ಹುಟ್ಟಿಕೊಂಡಿರುವುದಕ್ಕೆ ಕಾರಣವಿದೆ. ಫ್ರಾನ್ಸಿನ ಜೇಡತಜ್ಞ ಯೂಜೀನ್ ಸೈಮನ್ 1892ರಲ್ಲಿ ಸಿಲೋನಿನಲ್ಲಿ ಸಂಗ್ರಹಿಸಿದ ಇರುವೆಗಳನ್ನು ಪರಿಶೀಲಿಸಿ ಇಟಲಿಯ ಕಾರ್ಲೊ ಎಮರಿ 1893ರಲ್ಲಿ ಈ ಪ್ರಭೇದವನ್ನು ವರ್ಣಿಸಿದರು. ಅನಂತರ ಬಹುಕಾಲ ಇದರ ಜೀವನಕ್ರಮದ ಬಗ್ಗೆ ಏನೂ ತಿಳಿದಿರಲಿಲ್ಲ. 1955ರಲ್ಲಿ ಅಮೆರಿಕದ ಇರುವೆತಜ್ಞ ಎಡ್ವರ್ಡ್ ವಿಲ್ಸನ್ ಇದನ್ನು ಹುಡುಕಿಕೊಂಡೇ ಆ ದ್ವೀಪಕ್ಕೆ ಹೋಗಿ, ರತ್ನಪುರ ಸೀಮೆಯ ಕಾಡಿನಲ್ಲಿ ಜೀವಂತ ಗೂಡುಗಳನ್ನು ಪತ್ತೆಹಚ್ಚಿದರು. ಒಂದು ಇಡೀ ಉಪಕುಟುಂಬದಲ್ಲಿ ಇಂದು ಬದುಕಿ ಉಳಿದಿರುವುದು ಇದೊಂದೇ ಪ್ರಭೇದ. ಇದರ ನೆಂಟರೆಲ್ಲ ಯುರೋಪಿನ ಬಾಲ್ಟಿಕ್ ಅಂಬರಿನಂತಹ (ಗಟ್ಟಿಯಾಗಿ ಉಳಿದ ಪ್ರಾಚೀನ ಮರದ ಅಂಟು) ಪಳೆಯುಳಿಕೆಗಳಲ್ಲಿ ಮಾತ್ರ ಸಿಗುತ್ತಾರೆ. ಹತ್ತಿರದ ಬಂಧುಗಳಾದ ಡಾಲಿಕೊಡೆರಿನೇ ಗುಂಪಿನ ಇರುವೆಗಳಲ್ಲಿ ಕುಟುಕುವ ಕೊಂಡಿ ನಿರುಪಯುಕ್ತವಾಗುವಷ್ಟು ಕುಗ್ಗಿಹೋಗಿದ್ದರೂ ಇದರಲ್ಲಿ ಅದು ಉದ್ದವಾಗಿ, ಚೆನ್ನಾಗಿ ಬೆಳೆದಿದೆ. ಇರುವೆಗಳ ವಿಕಾಸದ ಕುರಿತ ಚರ್ಚೆಯಲ್ಲಿ ಇಷ್ಟು ಸಣ್ಣ ಜೀವಿಗೆ ಅಷ್ಟು ದೊಡ್ಡ ಸ್ಥಾನ ದೊರೆತದ್ದು ಮುಖ್ಯವಾಗಿ ಈ ಕಾರಣಕ್ಕೆ.

ಈಗ ಗುರುತಿಸುವ ವಿಚಾರಕ್ಕೆ ಬರೋಣ. ಬಣ್ಣವನ್ನೂ ಅಳತೆಯನ್ನೂ ಮೊದಲು ಬದಿಗಿಡಿ, ಏಕೆಂದರೆ ಉಷ್ಣವಲಯದ ತರಗೆಲೆಯಲ್ಲಿ ಎರಡು-ಮೂರು ಮಿಲಿಮೀಟರಿನ ಹಳದಿ ಇರುವೆಗಳಿಗೆ ಲೆಕ್ಕವೇ ಇಲ್ಲ. ನೋಡಬೇಕಾದದ್ದು ಸೊಂಟವನ್ನು, ಅದೂ ಪಕ್ಕದಿಂದ. ಅನ್ಯೂರೀಟಸ್‌ನ ಸೊಂಟ ಮುಂದೆ ಉದ್ದನೆಯ ತೆಳು ಕಾಂಡದಂತೆ ಚಾಚಿಕೊಂಡು, ಹಿಂದೆ ಒಂದೇ ಒಂದು ದುಂಡು ಗಂಟಾಗಿ ಏಳುತ್ತದೆ. ಆ ಗಂಟು ಮುಗಿದ ಕೂಡಲೇ ಹೊಟ್ಟೆ ಆರಂಭವಾಗುತ್ತದೆ, ನಡುವೆ ಎರಡನೆಯ ಗಂಟು ಇರುವುದಿಲ್ಲ. ಎದೆಯ ಹಿಂತುದಿಯಲ್ಲಿ ಒಂದು ಜೊತೆ ಮುಳ್ಳುಗಳಿರುತ್ತವೆ, ಕುಡಿಮೀಸೆಯಲ್ಲಿ ಹನ್ನೆರಡು ಖಂಡಗಳಿರುತ್ತವೆ. ಒಂದೇ ಗಂಟು, ಮುಳ್ಳು, ಕೊಂಡಿ, ಈ ಮೂರೂ ಒಂದೇ ಪುಟ್ಟ ಹಳದಿ ಇರುವೆಯಲ್ಲಿ ಕೂಡಿಬಂದರೆ ಮಾತ್ರ ನಿಮ್ಮ ಊಹೆಗೆ ಬಲ ಬರುತ್ತದೆ.

ನನ್ನ ಶಂಕೆ ಕ್ರೆಮಟೋಗ್ಯಾಸ್ಟರ್ ಕಡೆಗೆ ವಾಲುವುದು ಇಲ್ಲಿಯೇ. ಇದರ ಸೊಂಟದಲ್ಲಿ ನಿಜವಾಗಿ ಎರಡು ಭಾಗಗಳಿವೆ, ಆದರೆ ಮೊದಲನೆಯದು ಮೇಲ್ಭಾಗದಲ್ಲಿ ಗಂಟೇ ಏಳದೆ ಚಪ್ಪಟೆಯಾಗಿರುವುದರಿಂದ ಮೇಲಿನಿಂದ ನೋಡಿದವರಿಗೆ ಎರಡನೆಯದು ಮಾತ್ರ ಉಬ್ಬಿಕೊಂಡು ಕಾಣುತ್ತದೆ, ಒಂದೇ ಗಂಟು ಎಂಬ ಭಾವನೆ ಸಹಜವಾಗಿ ಬರುತ್ತದೆ. ಮುಳ್ಳುಗಳು ಇದರಲ್ಲಿಯೂ ಸಾಮಾನ್ಯ, ಹಳದಿ ಪ್ರಭೇದಗಳೂ ಇವೆ. ಇವುಗಳಲ್ಲಿ ಹೆಚ್ಚಿನವು ಮರದ ಮೇಲೆ ವಾಸಿಸುವಂಥವಾದರೂ ಮಳೆಗೋ ಗಾಳಿಗೋ ಕೆಳಗೆ ಬಿದ್ದು ತರಗೆಲೆಯಲ್ಲಿ ಓಡಾಡುವುದು ಅಪರೂಪವಲ್ಲ. ಬೇರ್ಪಡಿಸುವ ಗುರುತು ಸೊಂಟವು ಹೊಟ್ಟೆಗೆ ಅಂಟಿಕೊಳ್ಳುವ ಜಾಗದಲ್ಲಿದೆ: ಕ್ರೆಮಟೋಗ್ಯಾಸ್ಟರ್‌ನಲ್ಲಿ ಅದು ಹೊಟ್ಟೆಯ ಮುಂತುದಿಗೆ ಸೇರದೆ ಮೇಲ್ಮೈಗೆ ಬಂದು ಸೇರುತ್ತದೆ. ಆದ್ದರಿಂದ ಹೊಟ್ಟೆ ಪಕ್ಕದಿಂದ ಮೇಲೆ ಚಪ್ಪಟೆಯಾಗಿ ಕೆಳಗೆ ಉಬ್ಬಿ ಕಾಣುತ್ತದೆ, ಮೇಲಿನಿಂದ ನೋಡಿದರೆ ತುದಿ ಚೂಪಾದ ಹೃದಯಾಕಾರ ತಾಳುತ್ತದೆ. ಕೆಣಕಿದಾಗ ಇದು ಹೊಟ್ಟೆಯನ್ನು ಬೆನ್ನಿನ ಮೇಲಕ್ಕೆ, ತಲೆಯವರೆಗೂ ಎತ್ತಿ ಹಿಡಿಯುತ್ತದೆ. ನಿಮ್ಮ ಎರಡನೆಯ ಚಿತ್ರದಲ್ಲಿ ಹೊಟ್ಟೆಯ ತುದಿ ಮೇಲಕ್ಕೆ ತಿರುಗಿದಂತಿದೆ ಎಂಬುದು ನನ್ನ ಅನುಮಾನವನ್ನು ಇನ್ನಷ್ಟು ಗಟ್ಟಿಮಾಡಿತು.

ಎರಡನೆಯ ಸಾಧ್ಯತೆ ಫೈಡೋಲೆ ಎಂಬ ಇನ್ನೊಂದು ಇರುವೆ ಕುಲ. ಇದರಲ್ಲಿ ಎರಡು ಗಂಟುಗಳು ಸ್ಪಷ್ಟವಾಗಿರುತ್ತವೆ, ಕುಡಿಮೀಸೆಯ ಕೊನೆಯ ಮೂರು ಖಂಡಗಳು ದಪ್ಪವಾಗಿ ಗದೆಯಂತಿರುತ್ತವೆ. ಗುಂಪಿನಲ್ಲಿ ದೊಡ್ಡ ತಲೆಯ ಕೆಲಸಗಾರ್ತಿಯನ್ನು ಕಂಡೆನೆಂಬ ಮಾತ್ರಕ್ಕೆ ಫೈಡೋಲೆ ಎಂದು ತೀರ್ಮಾನಿಸಬೇಡಿ, ಅನ್ಯೂರೀಟಸ್‌ನಲ್ಲಿಯೂ ದೊಡ್ಡ ಮತ್ತು ಸಣ್ಣ ಕೆಲಸಗಾರ್ತಿಯರು ಬೇರೆ ಬೇರೆಯಾಗಿಯೇ ಇರುತ್ತಾರೆ. ಹಳದಿ ಕ್ರೇಜಿ ಇರುವೆಗೆ ಒಂದೇ ಗಂಟು ಇದ್ದರೂ ಅದು ನಾಲ್ಕು-ಐದು ಮಿಲಿಮೀಟರ್ ಉದ್ದದ, ನೀಳಕಾಲಿನ, ಮುಳ್ಳೂ ಕೊಂಡಿಯೂ ಇಲ್ಲದ ಇರುವೆಯಾದ್ದರಿಂದ ಕೈಬಿಡಬಹುದು. ಹೈಪೊಪೊನೆರಾ ಕೊಂಡಿಯಿರುವ, ಒಂದೇ ಗಂಟಿನ ಇರುವೆ, ಆದರೆ ಆ ಗಂಟು ದಪ್ಪ ಗೋಡೆಯಂತೆ ನೆಟ್ಟಗಿರುತ್ತದೆ, ಕಣ್ಣು ಕಂಡೂ ಕಾಣದಷ್ಟು ಚಿಕ್ಕದು, ಮುಳ್ಳಿಲ್ಲ.

ಮತ್ತೆ ಅಲ್ಲಿಗೆ ಹೋಗುವ ಅವಕಾಶವಿದ್ದರೆ, ಕೊಳೆತ ಸಣ್ಣ ಕಡ್ಡಿಗಳ ಆಸುಪಾಸನ್ನು ಗಮನಿಸಿ, ಅನ್ಯೂರೀಟಸ್ ಗೂಡು ಕಟ್ಟುವುದು ಹೆಚ್ಚಾಗಿ ಅಂಥ ಕಡೆಯೇ. ಮೊಬೈಲನ್ನು ನೆಲದ ಮಟ್ಟಕ್ಕೆ ಇಳಿಸಿ, ಇರುವೆ ಎಲೆಯ ಅಂಚಿಗೆ ಬಂದಾಗ ಪಕ್ಕದಿಂದ ಒಂದಾದ ಮೇಲೊಂದು ಚಿತ್ರ ತೆಗೆಯಿರಿ, ಅನಂತರ ಮುಖದ ನೇರಕ್ಕೆ ಒಂದೆರಡು ಸಾಕು. ಅಳತೆಗೆ ಮಿಲಿಮೀಟರ್ ಗೆರೆಯ ಕಾಗದದ ಚೂರು ಪಕ್ಕದಲ್ಲಿರಲಿ. ಸಂಶೋಧಕರು ತರಗೆಲೆಯನ್ನು ಜರಡಿ ಹಿಡಿದು, ಬಲೆಯ ಚೀಲದಲ್ಲಿ ತುಂಬಿ, ವಿಂಕ್ಲರ್ ಎಂಬ ಬಟ್ಟೆಯ ಚೀಲದೊಳಗೆ ತೂಗುಹಾಕುತ್ತಾರೆ. ಎಲೆ ಒಣಗುತ್ತ ಬಂದಂತೆ ಇರುವೆಗಳು ಹೊರಬಿದ್ದು ಕೆಳಗಿನ ಆಲ್ಕೋಹಾಲಿನಲ್ಲಿ ಸೇರುತ್ತವೆ. ನೀವು ಈ ಕೆಲಸಕ್ಕೆ ಕೈಹಾಕಬೇಡಿ. ಸಿಂಹರಾಜ 1988ರಿಂದ ವಿಶ್ವ ಪರಂಪರೆಯ ತಾಣ, ಅಲ್ಲಿಂದ ಒಂದು ಇರುವೆಯನ್ನೂ ಅನುಮತಿಯಿಲ್ಲದೆ ಒಯ್ಯುವುದು ಅಪರಾಧ. ಈ ಪ್ರಭೇದವಂತೂ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ವರ್ಗದಲ್ಲಿದೆ.

ಆಗುಂಬೆಯ ಬಗ್ಗೆ: ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾವನ್ನು ಒಂದೇ ಜೀವವೈವಿಧ್ಯ ತಾಣವಾಗಿ ಎಣಿಸುವುದು ನಿಜವಾದರೂ ಅನ್ಯೂರೀಟಸ್ ಆ ದ್ವೀಪಕ್ಕೆ ಮಾತ್ರ ಸೀಮಿತವಾದ ಇರುವೆ, ನಮ್ಮ ಘಟ್ಟಗಳಲ್ಲಿ ದಾಖಲಾಗಿಲ್ಲ. ಆಗುಂಬೆಯ ದರಗಿನಲ್ಲಿ ಇಂಥದೇ ಹಳದಿ ಇರುವೆ ಕಂಡರೆ ಕ್ರೆಮಟೋಗ್ಯಾಸ್ಟರ್, ಫೈಡೋಲೆಗಳಿಂದಲೇ ಹುಡುಕಾಟ ಆರಂಭಿಸಿ. ಸದ್ಯಕ್ಕೆ ನಿಮ್ಮ ಮೂಲ ಚಿತ್ರಗಳನ್ನು ಕತ್ತರಿಸದೆ, ಪೂರ್ಣ ಗಾತ್ರದಲ್ಲಿ ಇಲ್ಲಿ ಸೇರಿಸಿ. ಅವುಗಳಲ್ಲಿ ಯಾವುದಾದರೊಂದರಲ್ಲಿ ಇರುವೆ ಸ್ವಲ್ಪ ಮಗ್ಗುಲಾಗಿದ್ದರೂ ಸೊಂಟವು ಹೊಟ್ಟೆಗೆ ಸೇರುವ ಜಾಗವನ್ನು ನೋಡಿ ಕುಲದ ಮಟ್ಟದವರೆಗಾದರೂ ಹೇಳಲು ಪ್ರಯತ್ನಿಸುತ್ತೇನೆ.