ಗಾಥಿಕ್ ಕಥೆಗಳ ಮನೆ, ಕತ್ತಲೆ, ಬಿರುಕು

ಪ್ರಶ್ನೆ: ಇಂಗ್ಲಿಷಿನ ಗಾಥಿಕ್ ಕಥೆಗಳಲ್ಲಿ, ಅಂದರೆ ಹಳೆಯ ಕಟ್ಟಡಗಳ ಸುತ್ತ ಭಯ, ನಿಗೂಢತೆಗಳನ್ನು ಹೆಣೆಯುವ ಕಥೆಗಳಲ್ಲಿ, ಕೋಟೆ, ನೆಲಮಾಳಿಗೆ, ಬಿರುಗಾಳಿಗಳ ವರ್ಣನೆಯೇ ಪುಟಗಟ್ಟಲೆ ಬರುತ್ತದೆ. ಅದನ್ನು ಬಿಟ್ಟು ಓದಿದರೆ ನಷ್ಟವೇನಾದರೂ ಇದೆಯೇ?

ಉತ್ತರ: ನಷ್ಟವಿದೆ. ಒಳ್ಳೆಯ ಗಾಥಿಕ್ ಕಥೆಯ ಬಹುಭಾಗ ಆ ವರ್ಣನೆಯೊಳಗೇ ನಡೆದುಹೋಗಿರುತ್ತದೆ. ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ 1839ರಲ್ಲಿ ಪ್ರಕಟಿಸಿದ ‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್’ ಕಥೆಯನ್ನೇ ನೋಡಿ. ಗೆಳೆಯನ ಮನೆಗೆ ಬಂದ ನಿರೂಪಕನಿಗೆ ಶೂನ್ಯದೃಷ್ಟಿಯ ಕಣ್ಣುಗಳಂತಹ ಕಿಟಕಿಗಳೂ ಕರಿನೀರಿನ ಕೊಳವೂ ಕಾಣುತ್ತವೆ. ದಿಗಿಲು ತಗ್ಗೀತೆಂದು ಅವನು ಕೊಳದಲ್ಲಿ ಮೂಡಿದ ಮನೆಯ ಪ್ರತಿಬಿಂಬದತ್ತ ಬಗ್ಗಿ ನೋಡಿದರೆ ದಿಗಿಲು ಇನ್ನೂ ಹೆಚ್ಚುತ್ತದೆ. ಸೂರಿನಿಂದ ಹೊರಟು ಗೋಡೆಯ ಮೇಲೆ ಅಂಕುಡೊಂಕಾಗಿ ಇಳಿದು ನೀರಿನಲ್ಲಿ ಮರೆಯಾಗುವ, ಗಮನವಿಟ್ಟವರಿಗಷ್ಟೇ ಕಾಣುವ ಬಿರುಕೊಂದನ್ನೂ ಪೋ ಅಲ್ಲಿಯೇ ತೋರಿಸಿಬಿಡುತ್ತಾರೆ. ಸುತ್ತಲಿನ ರೈತರು ಕಟ್ಟಡವನ್ನೂ ವಂಶವನ್ನೂ ‘ಅಷರ್ ಮನೆ’ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರೆಂಬ ಮಾತೂ ಆರಂಭದಲ್ಲಿಯೇ ಇದೆ. ವಂಶದ ಕೊನೆಯ ಕುಡಿಗಳಾದ ಅವಳಿ ಸೋದರ ಸೋದರಿಯರು ಪ್ರಾಣಬಿಟ್ಟ ರಾತ್ರಿ ಆ ಬಿರುಕೇ ಅಗಲವಾಗಿ, ಅದರ ನಡುವಿನಿಂದ ರಕ್ತವರ್ಣದ ಚಂದ್ರ ಕಾಣಿಸಿ, ಮನೆ ಕೊಳದೊಳಕ್ಕೆ ಕುಸಿಯುತ್ತದೆ. ಮೊದಲ ಪುಟಗಳನ್ನು ಹಾರಿಸಿದವರಿಗೆ ಇದು ಬರಿಯ ಅಪಘಾತವಾಗಿ ಕಂಡೀತು.

ಈ ಸಾಹಿತ್ಯ ಪ್ರಕಾರ ಹುಟ್ಟಿದ್ದೇ ಕಟ್ಟಡಗಳ ಮೋಹದಿಂದ. ಲಂಡನ್ ಬಳಿಯ ಟ್ವಿಕೆನ್‌ಹ್ಯಾಮ್‌ನ ತಮ್ಮ ಮನೆಯನ್ನು ಗಾಥಿಕ್ ಎಂಬ ಮಧ್ಯಯುಗದ ಕಟ್ಟಡ ಶೈಲಿಗೆ ಮಾರ್ಪಡಿಸಿಕೊಂಡಿದ್ದ ಹೊರೇಸ್ ವಾಲ್ಪೋಲ್ 1764ರ ಕೊನೆಯಲ್ಲಿ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಕಾದಂಬರಿಯನ್ನು ಹೊರತಂದರು. ಅದರಲ್ಲಿ ಬಲವಂತದ ಮದುವೆಗೆ ಹೆದರಿ ನೆಲದಡಿಯ ದಾರಿ ಹಿಡಿದ ಇಸಬೆಲ್ಲಾಳ ದೀಪ ಗಾಳಿಗೆ ಆರಿಹೋದಾಗ, ಅವಳಿಗೆ ಕಾಣದ್ದು ಓದುವವರಿಗೂ ಕಾಣುವುದಿಲ್ಲ. ಆನ್ ರಾಡ್‌ಕ್ಲಿಫ್ ಈ ಉಪಾಯವನ್ನು ಇನ್ನಷ್ಟು ಹಿಗ್ಗಿಸಿದರು: 1794ರ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ದಲ್ಲಿ ಕಪ್ಪು ಪರದೆ ಸರಿಸಿದ ಎಮಿಲಿ ಮೂರ್ಛೆ ಹೋಗುತ್ತಾಳೆ, ಅವಳು ಕಂಡದ್ದು ಮೇಣದ ಬೊಂಬೆಯೆಂಬುದು ತಿಳಿಯಲು ಕಾದಂಬರಿಯ ಕೊನೆಯವರೆಗೆ ಕಾಯಬೇಕು. ಆ ವಿವರಣೆ ನನಗೆ ಸಪ್ಪೆಯೆನಿಸಿದರೂ ಕಾಯುವಷ್ಟು ಕಾಲ ಕಾಡುವ ಭಯ ನಿಜವಾದುದು. ಆಕೆಯ ಬೆಟ್ಟ, ಸೂರ್ಯಾಸ್ತಗಳ ವರ್ಣನೆ ಕೆಲವೆಡೆ ಅತಿಯಾಯಿತೆಂಬುದನ್ನು ಮಾತ್ರ ಒಪ್ಪುತ್ತೇನೆ.

ಪ್ರಶ್ನೆ: ಭೂತವೂ ಪಾಳುಕೋಟೆಯೂ ಇಲ್ಲದೆ ಗಾಥಿಕ್ ವಾತಾವರಣ ಸಾಧ್ಯವೇ?

ಉತ್ತರ: ಸಾಧ್ಯ, ತೀರಿಹೋದವರು ಮನೆಯನ್ನು ಬಿಟ್ಟುಕೊಡದಿದ್ದರೆ ಸಾಕು. ಡಾಫ್ನೆ ಡು ಮೌರಿಯರ್ ಅವರ ‘ರೆಬೆಕ್ಕಾ’ ಕಾದಂಬರಿಯ (1938) ಮ್ಯಾಂಡರ್ಲಿ ಆಳುಕಾಳುಗಳಿರುವ, ಸುಸ್ಥಿತಿಯ ಬಂಗಲೆ. ಆದರೆ ತೀರಿಹೋದ ಮೊದಲ ಹೆಂಡತಿಯ ಕೋಣೆಯನ್ನು ಮನೆವಾರ್ತೆಯ ಮಿಸೆಸ್ ಡ್ಯಾನ್ವರ್ಸ್ ಇದ್ದಂತೆಯೇ ಕಾಪಾಡಿಕೊಂಡು ಬಂದಿರುವುದರಿಂದ, ಎರಡನೆಯ ಹೆಂಡತಿ ತನ್ನದೇ ಮನೆಯಲ್ಲಿ ಪರರ ಮನೆಗೆ ಬಂದವಳಂತೆ ಅಳುಕುತ್ತ ಓಡಾಡುತ್ತಾಳೆ.