ಬಾಯಿಯ ಲೈಕನ್ ಪ್ಲಾನಸ್‌ಗೆ ಹಾರ್ಮೋನ್ ಪ್ಯಾಕೇಜ್ ಟೆಸ್ಟ್ ಮಾಡಿಸಲಾ?

ರಾಯಚೂರಿನ ಮೇಡಂ, ಎರಡು ವರ್ಷದಿಂದ ಬಾಯಲ್ಲಿ ಲೈಕನ್ ಪ್ಲಾನಸ್ (ಕೆನ್ನೆ ಒಳಗೆ ಬಿಳಿ ಗೆರೆ ಎದ್ದು ಉರಿಯುವ ರೋಗ) ಇದೆ, ಕಾರ್ಟಿಸಾಲ್, ಥೈರಾಯ್ಡ್, ಈಸ್ಟ್ರೋಜನ್ ಎಲ್ಲ ಸೇರಿದ ಪ್ಯಾಕೇಜ್ ಮಾಡಿಸಲಾ ಅಂತ ಕೇಳಿದ್ದೀರಿ. ನನ್ನ ಕಣ್ಣು ನಿಂತಿದ್ದು ನಿಮ್ಮ ಕೊನೆಯ ಸಾಲಿನ ಮೇಲೆ. "ಉರಿಗೆ ಅಂತ ಮೆಡಿಕಲ್‌ನಲ್ಲಿ ಕೊಟ್ಟ ಮಾತ್ರೆ ನುಂಗ್ತಿದ್ದೀನಿ, ರಿಪೋರ್ಟ್ ಸರಿಯಾಗಿ ಬರಲಿ ಅಂತ ಟೆಸ್ಟ್‌ಗೆ ಮುಂಚೆ ನಿಲ್ಲಿಸ್ತೀನಿ."

ನಿಲ್ಲಿಸಬೇಡಿ. ಪ್ಯಾಕೇಜಿನ ಮಾತು ಆಮೇಲೆ.

ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಅದಕ್ಕೂ ಮುಂಚೆ ಹನ್ನೆರಡು ವರ್ಷ ಮಷಿನ್ ಮೇಲೆ ಕೂತವಳು. 41ನೇ ವಯಸ್ಸಿಗೆ ಎರಡೂ ಕೆನ್ನೆಯ ಒಳಗೆ ಬಿಳಿ ಗೆರೆಗಳು ಕಾಣಿಸಿದವು. ಸಣ್ಣ ರಂಗೋಲಿ ಎಳೆದ ಹಾಗೆ, ಲೇಸ್ ಅಂಟಿಸಿದ ಹಾಗೆ. ಮೊದಲು ನೋವಿರಲಿಲ್ಲ. ಆಮೇಲೆ ಆ ಗೆರೆಗಳ ನಡುವೆ ಕೆಂಪಗಾಗಿ, ಸಿಪ್ಪೆ ಸುಲಿದ ಹಾಗೆ ಆಯಿತು. ಮಂಡಕ್ಕಿ ಒಗ್ಗರಣೆ ಜೊತೆ ಮಿರ್ಚಿ ಇಲ್ಲದೆ ಸಂಜೆ ಕಳೆಯದ ಊರು ನಮ್ಮದು. ಅಲ್ಲಿ ಕೂತು ನಾನು ಮೊಸರನ್ನ ಕಲಸಿಕೊಂಡು ತಿನ್ನುತ್ತಿದ್ದೆ. ಟೊಮೇಟೊ ಸಾರು ಕೂಡ ಉರಿಯುತ್ತಿತ್ತು.

ನಮ್ಮತ್ತೆ "ಉಷ್ಣ ಆಗೈತಿ" ಅಂದು ತುಪ್ಪ ಹಚ್ಚಿದರು. ಬಿ ಕಾಂಪ್ಲೆಕ್ಸ್ ಎರಡು ತಿಂಗಳು ನಡೆಯಿತು. ಮೊದಲು ತೋರಿಸಿದ ಕಡೆ ಬಾಯಿ ನೋಡಿದ ತಕ್ಷಣ ಕೇಳಿದ್ದು, "ಎಲೆ ಅಡಿಕೆ, ಗುಟ್ಕಾ ಹಾಕ್ತೀರಾ?" ಇಲ್ಲ ಅಂದರೂ ನಂಬಿಕೆ ಬರಲಿಲ್ಲ. ನಮ್ಮ ಕಡೆ ಬಾಯಲ್ಲಿ ಬಿಳಿ ಕಂಡರೆ ಮೊದಲು ಅಡಿಕೆಯ ನೆನಪೇ. ತಪ್ಪೇನಲ್ಲ, ಆದರೆ ಅಡಿಕೆಯಿಂದ ಆಗುವ ರೋಗದಲ್ಲಿ ಕೆನ್ನೆ ಬಿಗಿದುಕೊಂಡು ಬಾಯಿ ಪೂರ್ತಿ ತೆರೆಯಲು ಬರಲ್ಲ. ನನ್ನ ಬಾಯಿ ಚೆನ್ನಾಗಿಯೇ ತೆರೆಯುತ್ತಿತ್ತು. ಆಮೇಲೆ ಒಂದು ಡೆಂಟಲ್ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗದಲ್ಲಿ ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಲೈಕನ್ ಪ್ಲಾನಸ್ ಅಂತ ಬಂತು. ಅಲ್ಲಿ ಹಚ್ಚಿಕೊಳ್ಳಲು ಟ್ರಯಾಮ್ಸಿನೊಲೋನ್ 0.1% ಪೇಸ್ಟ್ ಕೊಟ್ಟರು. ಜಾಗ ಒರೆಸಿ ಒಣಗಿಸಿ ಹಚ್ಚಿ, ಅರ್ಧ ಗಂಟೆ ಏನೂ ತಿನ್ನಬೇಡಿ, ತಿಂಗಳಿಗೆ ಬಂದು ತೋರಿಸಿ ಅಂದರು.

ನಾನು ತಿಂಗಳು ಕಾಯಲಿಲ್ಲ. ಹತ್ತು ದಿನಕ್ಕೆ ಬೇಜಾರಾಯಿತು. ಮನೆ ಹತ್ತಿರದ ಮೆಡಿಕಲ್ ಶಾಪಿನವನು "ಅಕ್ಕಾರ, ಇದು ಮೂರು ದಿನ ತಗೊಳ್ರಿ, ಬೆಂಕಿ ಆರಿದಂಗ ಆರ್ತೈತಿ" ಅಂದ. ಶೀಟ್‌ನಿಂದ ಕತ್ತರಿಸಿ ಕೊಟ್ಟ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಿಳಿ ಮಾತ್ರೆ. ಹೆಸರಿದ್ದ ಕಡೆ ಕತ್ತರಿ ಬಿದ್ದಿತ್ತು. ಬೆಂಕಿ ಆರಿದ ಹಾಗೆಯೇ ಆರಿತು. ನಾಲ್ಕನೇ ದಿನ ನಾನು ಮಿರ್ಚಿ ತಿಂದೆ, ಮೇಡಂ. ಕಣ್ಣಲ್ಲಿ ನೀರು ಬಂತು, ಖಾರಕ್ಕಲ್ಲ.

ನಿಲ್ಲಿಸಿದರೆ ಉರಿ ವಾಪಸ್, ನುಂಗಿದರೆ ಆರಾಮ. ದಿನಕ್ಕೆ ಮೂರರ ಹಾಗೆ ಐದು ತಿಂಗಳು ನಡೆಯಿತು. ಒಂದು ಮದುವೆಯಲ್ಲಿ ಸಿರುಗುಪ್ಪದ ನಮ್ಮ ಚಿಕ್ಕಮ್ಮ "ಮುಖ ತುಂಬ್ಕೊಂಡೈತಲ್ಲೇ, ಚಲೋ ಆಗೀದಿ" ಅಂದರು. ನಾನು ಸಂತೋಷಪಟ್ಟೆ. ಅದು ಸ್ಟಿರಾಯ್ಡ್‌ನಿಂದ ಮುಖ ದುಂಡಗಾಗಿದ್ದು ಅಂತ ಆಗ ಗೊತ್ತಿರಲಿಲ್ಲ.

ಅಷ್ಟರಲ್ಲಿ ಎಲ್ಲೋ ಓದಿದೆ. ಈ ರೋಗದವರ ಜೊಲ್ಲಿನಲ್ಲಿ ಕಾರ್ಟಿಸಾಲ್ ಜಾಸ್ತಿ ಇರುತ್ತೆ, ಟೆನ್ಷನ್‌ನಿಂದ ಹಾರ್ಮೋನ್ ಏರಿ ಬಾಯಿ ಕೆಡುತ್ತೆ ಅಂತ. ದೀಪಾವಳಿ ಆರ್ಡರ್ ಟೈಮಲ್ಲಿ ನನ್ನ ಬಾಯಿ ಕೆರಳುವುದನ್ನು ನಾನೇ ಕಂಡಿದ್ದೆ. ಸಿಕ್ಕಿತು ಕಾರಣ ಅಂದುಕೊಂಡೆ. ಮನೆಗೇ ಬಂದು ರಕ್ತ ತೆಗೆಯುವ ಲ್ಯಾಬ್‌ಗೆ ಮೂರೂವರೆ ಸಾವಿರ ಕಟ್ಟಿದೆ.

ತಪ್ಪು ಇಲ್ಲಿಂದ ಶುರು. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೈಕೊಳ್ಳಬೇಡಿ.

ಶುಗರ್ ಟೆಸ್ಟ್‌ಗೆ ಹೋಗುವಾಗ ನಾವು ಚಹಾ ಕೂಡ ಕುಡಿಯಲ್ಲ, ಅಲ್ವಾ? ಅದೇ ಲೆಕ್ಕ ಹಾಕಿದೆ. ಮಾತ್ರೆ ಬಿಟ್ಟರೆ ರಕ್ತ ಶುದ್ಧವಾಗಿರುತ್ತೆ, ನಿಜವಾದ ನಂಬರ್ ಬರುತ್ತೆ. ನಾಲ್ಕು ದಿನ ಮುಂಚೆ ಪೂರ್ತಿ ನಿಲ್ಲಿಸಿದೆ. ಯಾರನ್ನೂ ಕೇಳಲಿಲ್ಲ. ಎರಡನೇ ದಿನ ಮೈಕೈ ನೋವು. ಮೂರನೇ ದಿನ ಊಟ ಸೇರಲಿಲ್ಲ, ವಾಂತಿ. ಏಪ್ರಿಲ್ ತಿಂಗಳು, ಬಳ್ಳಾರಿ ಬಿಸಿಲು, ಎಲ್ಲರೂ ಬಿಸಿಲು ಬಡಿದಿದೆ ಅಂದರು. ಮಜ್ಜಿಗೆ, ಗ್ಲೂಕೋಸ್ ಪುಡಿ ಕುಡಿಸಿದರು. ನಾಲ್ಕನೇ ಬೆಳಗ್ಗೆ ಹುಡುಗ ಬಂದು ರಕ್ತ ತೆಗೆದ. ಬಾಗಿಲ ತನಕ ಹೋಗಿ ಬಂದವಳು ಅಡುಗೆಮನೆ ಹೊಸ್ತಿಲಲ್ಲಿ ಬಿದ್ದೆ.

ಆಸ್ಪತ್ರೆಯಲ್ಲಿ ಬಿಪಿ 80/50. ಡಾಕ್ಟ್ರು ಮೂರು ಸಲ ಕೇಳಿದರು, "ಏನಾದ್ರೂ ಮಾತ್ರೆ ತಗೋತಿದ್ರಾ?" ಮೂರು ಸಲವೂ ಇಲ್ಲ ಅಂದೆ. ಸುಳ್ಳು ಹೇಳಬೇಕು ಅಂತಲ್ಲ. ನನ್ನ ತಲೆಯಲ್ಲಿ ಮಾತ್ರೆ ಅಂದರೆ ಬಿಪಿಗೆ, ಶುಗರ್‌ಗೆ ತಗೊಳ್ಳುವುದು. ಇದು ಬಾಯಿ ಹುಣ್ಣಿಗೆ ಅಂತ ಮೆಡಿಕಲ್‌ನವನು ಕೊಟ್ಟಿದ್ದು, ಅದೂ ಆಗಲೇ ಬಿಟ್ಟಿದ್ದೆ. ಮತ್ತೆ ಸ್ವಲ್ಪ ನಾಚಿಕೆಯೂ ಇತ್ತು, ಡೆಂಟಲ್ ಕಾಲೇಜಿನವರು ಹೇಳಿದ್ದು ಬಿಟ್ಟು ಇದನ್ನು ಮಾಡಿದೆ ಅಂತ. ಸಂಜೆ ಮೊಬೈಲಿಗೆ ರಿಪೋರ್ಟ್ ಬಂತು. ಕಾರ್ಟಿಸಾಲ್ 1ಕ್ಕಿಂತ ಕಡಿಮೆ. ಬೆಳಗ್ಗೆ ಹೊತ್ತು ಅದು 5ಕ್ಕಿಂತ ಮೇಲಿರಬೇಕು. ಜಾಸ್ತಿ ಇರುತ್ತೆ ಅಂತ ಹುಡುಕಲು ಹೋದವಳಿಗೆ ಇಲ್ಲವೇ ಇಲ್ಲ ಅಂತ ಬಂತು! ಮನೆಯವರು ಕಿಡ್ನಿ ಮೇಲೆ ಗಡ್ಡೆ ಇರಬಹುದು ಅಂತ ಸ್ಕ್ಯಾನಿಂಗ್‌ಗೆ ದುಡ್ಡು ಹೊಂದಿಸುತ್ತಿದ್ದರು. ಅಷ್ಟರಲ್ಲಿ ನನ್ನ ಮಗಳು ವ್ಯಾನಿಟಿ ಬ್ಯಾಗ್ ಮಂಚದ ಮೇಲೆ ಸುರಿದಳು. ಆ ಕತ್ತರಿಸಿದ ಶೀಟ್ ಬಿತ್ತು. ಡಾಕ್ಟ್ರು ಅದನ್ನು ಬೆಳಕಿಗೆ ಹಿಡಿದು, ಉಳಿದ ಅರ್ಧ ಅಕ್ಷರ ಓದಿ, "ಬೀಟಾಮೆಥಾಸೋನ್. ಎಷ್ಟು ತಿಂಗಳು?" ಅಂದರು.

ಆಮೇಲೆ ಅವರು ತಿಳಿಸಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಬೀಟಾಮೆಥಾಸೋನ್ ಅಂದರೆ ಸ್ಟಿರಾಯ್ಡ್, ದೇಹದಲ್ಲಿ ಕಾರ್ಟಿಸಾಲ್ ಹಾಗೆಯೇ ಕೆಲಸ ಮಾಡುವ ಔಷಧಿ. ಕಾರ್ಟಿಸಾಲ್ ಮಾಡುವ ಗ್ರಂಥಿಗಳು ಎರಡು, ಕಿಡ್ನಿಗಳ ಮೇಲೆ ಟೋಪಿ ಹಾಗೆ ಕೂತಿವೆ. ಅವಕ್ಕೆ ಆರ್ಡರ್ ಕೊಡುವುದು ತಲೆಯೊಳಗಿನ ಪಿಟ್ಯುಟರಿ. ನಮ್ಮ ಯೂನಿಟ್ ಹಾಗೇ ಅಂದುಕೊಳ್ಳಿ. ಹೊರಗಿಂದ ದಿನಾ ಲಾರಿಯಲ್ಲಿ ರೆಡಿ ಪ್ಯಾಂಟ್ ಬಂದು ಗೋಡೌನ್ ತುಂಬಿದರೆ ಮಾಸ್ಟರ್ ಯಾಕೆ ಕಟಿಂಗ್ ಹೇಳುತ್ತಾನೆ? ಹೇಳಲ್ಲ. ಮಷಿನ್ ನಿಲ್ಲುತ್ತವೆ, ತುಕ್ಕು ಹಿಡಿಯುತ್ತವೆ. ಐದು ತಿಂಗಳಾದ ಮೇಲೆ ಒಂದು ದಿನ ಲಾರಿ ಬರುವುದೇ ನಿಂತರೆ? ಗೋಡೌನ್ ಖಾಲಿ, ಮಷಿನ್ ಓಡಲ್ಲ. ಅದೇ ಆಗಿದ್ದು. ಅರ್ಧ ಮಿಲಿಗ್ರಾಂನ ಮೂರು ಮಾತ್ರೆ ಅಂದರೆ ಸುಮಾರು 12 ಮಿಲಿಗ್ರಾಂ ಪ್ರೆಡ್ನಿಸೋಲೋನ್‌ಗೆ ಸಮ, ಅದೂ ಇನ್ನೊಂದು ಸ್ಟಿರಾಯ್ಡೇ. ದೇಹ ತಾನೇ ಮಾಡಿಕೊಳ್ಳುವುದರ ಎರಡು ಪಟ್ಟಿಗಿಂತ ಜಾಸ್ತಿ. ಸಾಸಿವೆಗಾತ್ರದ ಮಾತ್ರೆಯಲ್ಲಿ ಇಷ್ಟಿತ್ತು!

ಹಾಗಾಗಿ ನನ್ನ ರಿಪೋರ್ಟ್ ಲೈಕನ್ ಪ್ಲಾನಸ್ ಬಗ್ಗೆ ಏನೂ ಹೇಳಲಿಲ್ಲ. ಮೆಡಿಕಲ್ ಶಾಪಿನ ಮಾತ್ರೆ ಬಗ್ಗೆ ಹೇಳಿತು. ಇದರಲ್ಲಿ ಇನ್ನೊಂದು ಮೋಸವಿದೆ. ಬೀಟಾಮೆಥಾಸೋನ್ ತಗೊಂಡರೆ ಕಾರ್ಟಿಸಾಲ್ ಕಡಿಮೆ ಬರುತ್ತೆ. ಪ್ರೆಡ್ನಿಸೋಲೋನ್ ತಗೊಂಡಿದ್ದರೆ ಕೆಲವು ಲ್ಯಾಬ್ ಮಷಿನ್‌ಗಳು ಅದನ್ನೇ ಕಾರ್ಟಿಸಾಲ್ ಅಂತ ಎಣಿಸಿ ಜಾಸ್ತಿ ತೋರಿಸುತ್ತವೆ. ಏನು ನುಂಗಿದ್ದೀರಿ ಅಂತ ಗೊತ್ತಿಲ್ಲದೆ ಆ ನಂಬರ್ ಓದಿದರೆ ದಾರಿ ತಪ್ಪುವುದು ಗ್ಯಾರಂಟಿ.

ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟ ಕೆಲವೇ ಗಂಟೆಗೆ ಎದ್ದು ಕೂತೆ. ಆಮೇಲೆ ಮಾತ್ರೆ, ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಎಂಟು ತಿಂಗಳು. ಜ್ವರ ಬಂದರೆ ಡೋಸ್ ಜಾಸ್ತಿ ಮಾಡಬೇಕು ಅಂತ ಪರ್ಸಿನಲ್ಲಿ ಚೀಟಿ. ಸಂಬಳ ಹೋಗಿದ್ದು, ಮಗಳ ಪರೀಕ್ಷೆ ಸಮಯಕ್ಕೆ ನಾನು ಹಾಸಿಗೆ ಹಿಡಿದಿದ್ದು, ಅದೆಲ್ಲ ಬಿಡಿ.

ಈಗ ನಿಮ್ಮ ಪ್ಯಾಕೇಜ್. ನನ್ನ ಕೇಳಿದರೆ ಬೇಡವೇ ಬೇಡ. ಯಾವ ಪ್ಯಾಕೇಜ್ ಒಳ್ಳೆಯದು ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ಇದು ದೇಹವನ್ನು ಕಾಯಬೇಕಾದ ರಕ್ತದ ಟಿ ಕಣಗಳು ಬಾಯಿಯ ಒಳಚರ್ಮದ ಮೇಲೆ ತಾವೇ ದಾಳಿ ಮಾಡುವ ರೋಗ. ಯಾವುದೋ ಒಂದು ಹಾರ್ಮೋನ್ ಕಡಿಮೆಯಾಗಿ, ಅದನ್ನು ತುಂಬಿಸಿದರೆ ಹೋಗುವಂಥದ್ದಲ್ಲ. ಕಾರ್ಟಿಸಾಲ್ ಮೇಲೆ ಅಧ್ಯಯನಗಳು ಆಗಿವೆ, ನಮ್ಮ ದೇಶದಲ್ಲೂ. ಕೆಲವದರಲ್ಲಿ ಈ ರೋಗದವರಿಗೆ ಜಾಸ್ತಿ ಬಂದಿದೆ, ಕೆಲವದರಲ್ಲಿ ವ್ಯತ್ಯಾಸವೇ ಇಲ್ಲ. ಅದೂ ಅಲ್ಲದೆ ಕಾರ್ಟಿಸಾಲ್ ಬೆಳಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಗೆ ತುದಿಗೇರುತ್ತೆ, ನಡುರಾತ್ರಿಗೆ ತಳ ಮುಟ್ಟುತ್ತೆ. ಲ್ಯಾಬ್ ಹುಡುಗ ಹನ್ನೊಂದಕ್ಕೆ ಬಂದರೆ ಒಂದು, ಎಂಟಕ್ಕೆ ಬಂದರೆ ಇನ್ನೊಂದು. ಜಾಸ್ತಿ ಬಂತು ಅಂತಲೇ ಇಟ್ಟುಕೊಳ್ಳಿ, ಡಾಕ್ಟ್ರು ಬಾಯಿಗೆ ಅದೇ ಪೇಸ್ಟ್ ಬರೆಯುತ್ತಾರೆ. ಈಸ್ಟ್ರೋಜನ್ ಕಥೆಯೂ ಅಷ್ಟೇ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಅದು ವಾರಕ್ಕೊಂದು ತರ ಕುಣಿಯುತ್ತೆ. ಒಂದು ದಿನದ ನಂಬರ್ ಹಿಡಿದು ಏನು ಮಾಡುವುದು?

ಥೈರಾಯ್ಡ್ ಒಂದು ಮಾಡಿಸಿ. ಲೈಕನ್ ಪ್ಲಾನಸ್ ಇರುವವರಲ್ಲಿ ಥೈರಾಯ್ಡ್ ಕಡಿಮೆ ಕೆಲಸ ಮಾಡುವುದು ಉಳಿದವರಿಗಿಂತ ಜಾಸ್ತಿ ಕಂಡಿದೆ. ಟಿಎಸ್‌ಎಚ್ ಅನ್ನುವ ಒಂದು ರಕ್ತ ಪರೀಕ್ಷೆ ಸಾಕು, ಥೈರಾಯ್ಡ್ ಕೆಲಸ ಕಡಿಮೆಯಾದರೆ ಆ ನಂಬರ್ ಏರುತ್ತೆ, ಪ್ಯಾಕೇಜಿನ ಕಾಲು ಭಾಗದಷ್ಟೂ ಖರ್ಚಾಗಲ್ಲ. ಕೂದಲಿಗೆ ಬಯೋಟಿನ್ ನುಂಗುತ್ತಿದ್ದರೆ ಲ್ಯಾಬ್‌ನವರಿಗೆ ಹೇಳಿ, ಅದು ಕೆಲವು ಮಷಿನ್‌ಗಳಲ್ಲಿ ಥೈರಾಯ್ಡ್ ರಿಪೋರ್ಟ್ ಕೆಡಿಸುತ್ತೆ. ನನ್ನ ಟಿಎಸ್‌ಎಚ್ ಆಸ್ಪತ್ರೆಯಲ್ಲಿದ್ದಾಗ 7 ಚಿಲ್ಲರೆ, ಇರಬೇಕಾದ್ದಕ್ಕಿಂತ ಜಾಸ್ತಿ ಬಂದಿತ್ತು. ಆದರೂ ಡಾಕ್ಟ್ರು ತಕ್ಷಣ ಥೈರಾಯ್ಡ್ ಮಾತ್ರೆ ಶುರು ಮಾಡಲಿಲ್ಲ. ಕಾರ್ಟಿಸಾಲ್ ಇಲ್ಲದವರಲ್ಲಿ ಟಿಎಸ್‌ಎಚ್ ಸುಮ್ನೆ ಏರುವುದುಂಟು, ಆ ಸ್ಥಿತಿಯಲ್ಲಿ ಥೈರಾಯ್ಡ್ ಮಾತ್ರೆ ಮೊದಲು ಕೊಟ್ಟರೆ ಇನ್ನೂ ಕುಸಿಯಬಹುದಂತೆ. ನಾನು ಚೇತರಿಸಿಕೊಂಡ ಮೇಲೆ ಮತ್ತೆ ಮಾಡಿಸಿ, ಆಗಲೂ ಮೇಲೇ ಇದ್ದದ್ದಕ್ಕೆ ಶುರು ಮಾಡಿದರು. ಬೆಳಗ್ಗೆ ಖಾಲಿ ಹೊಟ್ಟೆ, ಅರ್ಧ ಗಂಟೆ ಚಹಾ ಇಲ್ಲ. ಸುಸ್ತು ಹೋಯಿತು, ಮಲಬದ್ಧತೆ ಹೋಯಿತು. ಬಾಯಿಯ ಗೆರೆ ಹೋಗಲಿಲ್ಲ. ಆ ಆಸೆ ಇಟ್ಟುಕೊಂಡಿದ್ದರೆ ಈಗಲೇ ಬಿಡಿ.

ನನ್ನ ಬಾಯಿಗೆ ನಿಜವಾಗಿ ಕೆಲಸ ಮಾಡಿದ್ದು ತುಂಬ ಸಾದಾ ಸಂಗತಿಗಳು. ಟೈಲರ್‌ಗಳಿಗೆ ದಾರ ಹಲ್ಲಲ್ಲಿ ಕಡಿಯುವ ಚಾಳಿ ಇರುತ್ತೆ. ನನ್ನ ಒಂದು ದವಡೆ ಹಲ್ಲಿನ ಅಂಚು ಮುರಿದು ಚೂಪಾಗಿತ್ತು. ಅದು ಉಜ್ಜುವ ಜಾಗದಲ್ಲೇ ಕೆಂಪು ಜಾಸ್ತಿ. ಗಾಯವಾದ ಕಡೆ ಈ ರೋಗ ಎದ್ದು ಬರುತ್ತೆ. ಹಲ್ಲು ನುಣ್ಣಗೆ ಮಾಡಿಸಿದೆ, ನೊರೆ ಬರುವ ಟೂತ್‌ಪೇಸ್ಟ್ ಬಿಟ್ಟು ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ್ದು ಹಿಡಿದೆ, ಕಾಲೇಜಿನವರು ಕೊಟ್ಟ ಪೇಸ್ಟನ್ನು ಈ ಸಲ ಹೇಳಿದ ಹಾಗೆ ಹಚ್ಚಿದೆ. ಆರು ವಾರಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಸೇರಿತು. ಮಧ್ಯೆ ಒಂದು ಸಲ ನಾಲಿಗೆ ಮೇಲೆ ಬಿಳಿ ಕೆನೆ ಕಟ್ಟಿತು, ಅದು ಹಚ್ಚುವ ಪೇಸ್ಟಿನಿಂದ ಬರುವ ಫಂಗಸ್, ಹನಿ ಔಷಧಿಗೆ ಹೋಯಿತು. ನೀವು ಬಿಪಿ ಮಾತ್ರೆಯನ್ನೋ ನೋವಿನ ಮಾತ್ರೆಯನ್ನೋ ದಿನಾ ತಗೋತಿದ್ದರೆ ಅದನ್ನೂ ಹೇಳಿ, ಕೆಲವಕ್ಕೆ ಇದೇ ತರ ಗೆರೆ ಬರುತ್ತವೆ. ಆರು ತಿಂಗಳಿಗೊಮ್ಮೆ ಬಾಯಿ ತೋರಿಸುತ್ತೇನೆ. ವರ್ಷಗಳ ಮೇಲೆ ನೂರರಲ್ಲಿ ಒಬ್ಬರಿಗೆ ಕ್ಯಾನ್ಸರ್ ಕಡೆ ತಿರುಗುತ್ತೆ ಅಂತ ಹೇಳಿದ್ದಾರೆ, ಅದಕ್ಕೆ. ಮೂರೂವರೆ ಸಾವಿರಕ್ಕೆ ಇಂಥ ಎಷ್ಟು ಸಲ ಹೋಗಿ ಬರಬಹುದಿತ್ತು!

ನೀವು ಬಯಾಪ್ಸಿ ಆಗಿದೆಯಾ ಅಂತ ಬರೆದಿಲ್ಲ. ಅದು ಆಮೇಲೂ ಆಗುತ್ತೆ. ಈಗ ಎದ್ದು ಆ ಮಾತ್ರೆಯ ಶೀಟ್ ಹಿಂದೆ ನೋಡಿ. ಕಂಪನಿ ಇಟ್ಟ ಹೆಸರಲ್ಲ, ಒಳಗಿನ ಔಷಧಿಯ ಹೆಸರಿನ ಕೊನೆ "ಸೋನ್", "ಲೋನ್", "ಕಾರ್ಟ್" ಅಂತಿದ್ದರೆ ಅದು ಸ್ಟಿರಾಯ್ಡ್ ಇರಬಹುದು, ಇವತ್ತಿನ ಡೋಸ್ ಬಿಡಬೇಡಿ. ಶೀಟ್ ಕೈಯಲ್ಲಿ ಹಿಡಿದು ನಾಳೆ ಬೆಳಗ್ಗೆಯೇ ಫಿಸಿಷಿಯನ್ ಹತ್ತಿರ ಹೋಗಿ, ಎಷ್ಟು ತಿಂಗಳಿಂದ ಅಂತ ಹೇಳಿ, ಹೇಗೆ ಇಳಿಸಬೇಕು ಅಂತ ಅವರೇ ಬರೆದು ಕೊಡಲಿ. ಹೆಸರು ಕತ್ತರಿಸಿ ಹೋಗಿದ್ದರೆ ಅದೇ ಅಂಗಡಿಗೆ ಹೋಗಿ ಚೀಟಿ ಮೇಲೆ ಬರೆಸಿಕೊಂಡು ಬನ್ನಿ. ಈಗಾಗಲೇ ನಿಲ್ಲಿಸಿ ವಾಂತಿ, ತಲೆಸುತ್ತು ಶುರುವಾಗಿದ್ದರೆ ಬೆಳಗಿನ ತನಕ ಕಾಯಬೇಡಿ. ಮಾತ್ರೆಯ ಹೆಸರು ಗೊತ್ತಾದ ಮೇಲೆ ಇಲ್ಲಿ ಕೆಳಗೆ ಒಂದು ಸಾಲು ಬರೆಯಿರಿ, ನಾನು ನೋಡುತ್ತಿರುತ್ತೇನೆ.